ಹೊತ್ತುಕೊಂಡು ಹೋದ ಅಭಿಮಾನಿ

ಐವತ್ತು ದಾಟಿದ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿಯುವುದು ಸಹಜ. ಹಿಡಿಯಲಿ, ತಪ್ಪಿಲ್ಲ. ಆದರೆ ಅದು ನಾಲ್ಕು ಜನರಿಗೆ ಬಿಡಿಸಿ ಹೇಳಲು ಬರುವಂಥ ಹುಚ್ಚಾಗಿರಬೇಕು. ಕೊಪ್ಪಳದ ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಯೋಗದ ಹುಚ್ಚು. ಇನ್ನೊಬ್ಬರಿಗೆ ಸೈಟು ನೋಡುವ ಹುಚ್ಚು. ಕೊಳ್ಳುವುದಿಲ್ಲ, ಭಾನುವಾರ ಬಂತೆಂದರೆ ಹೋಗಿ ನೋಡಿ, ಮೂಗು ಮುರಿದು ಬರುತ್ತಾರೆ. ಇಬ್ಬರಿಗೂ ಊರಲ್ಲಿ ಮರ್ಯಾದೆ ಇದೆ. ನನಗೆ ಹಿಡಿದದ್ದು ಕೆಲ್ಟಿಕ್ ಪಂಕ್. ಹಾಗೆಂದರೇನು ಎಂದು ಕೇಳಿದವರಿಗೆಲ್ಲ ಮೊದಮೊದಲು ಉತ್ಸಾಹದಿಂದ ವಿವರಿಸುತ್ತಿದ್ದೆ. ಈಗ ಬಿಪಿ ಇದೆ ಎಂದು ಹೇಳಿ ಮಾತು ಮುಗಿಸುತ್ತೇನೆ.

ನಿಮ್ಮ ಹತ್ತಿರ ಮಾತ್ರ ಮುಚ್ಚಿಡುವುದಿಲ್ಲ. ಐರ್ಲೆಂಡು, ಸ್ಕಾಟ್ಲೆಂಡಿನ ಕಡೆಯ ಹಳೆಯ ಜನಪದ ಧಾಟಿಗಳಿವೆಯಲ್ಲ, ಅವುಗಳ ಜೊತೆಗೆ ಪಿಟೀಲು, ಕೊಳಲು, ಕಂಕುಳಲ್ಲಿ ಅವುಚಿಕೊಂಡು ಊದುವ ಒಂದು ಚೀಲ, ಗಿಟಾರು, ಡ್ರಮ್ಮು, ಗಂಟಲು ಹರಿಯುವಂತೆ ಕೂಗುವ ಒಬ್ಬ ಮನುಷ್ಯ, ಇಷ್ಟನ್ನೂ ಒಂದೇ ಟಂಟಂ ಆಟೋದಲ್ಲಿ ತುಂಬಿ ಇಳಿಜಾರಿನಲ್ಲಿ ಬ್ರೇಕು ಬಿಟ್ಟರೆ ಏನಾಗುತ್ತದೋ ಅದೇ ಕೆಲ್ಟಿಕ್ ಪಂಕ್. ನಾನಾಗಿ ಹುಡುಕಿಕೊಂಡು ಹೋದದ್ದಲ್ಲ. ಫೋನಿನಲ್ಲಿ ಸನಾದಿ ಕೇಳುತ್ತಾ ಕಣ್ಣು ಮುಚ್ಚಿದ್ದೆ. ಸನಾದಿ ಮುಗಿದ ಮೇಲೆ ಫೋನು ತನ್ನಷ್ಟಕ್ಕೆ ತಾನೇ ಈ ಚೀಲದವರನ್ನು ತಂದು ನಿಲ್ಲಿಸಿತು. ಎದ್ದು ಕುಳಿತೆ. ಕಾಲು ತಾನಾಗಿ ಕುಣಿಯಹತ್ತಿತು. ಸರ್ಕಾರಿ ಸೇವೆಗೆ ಸೇರಿದಂದಿನಿಂದ ಆ ಕಾಲು ಒಮ್ಮೆಯೂ ಹಾಗೆ ಮಾಡಿರಲಿಲ್ಲ. ಮರುವಾರವೇ ಹೋಗಿ ಒಂದು ದೊಡ್ಡ ಸ್ಪೀಕರು ತಂದೆ.

ಮನೆಯಲ್ಲಿ ತಾಪತ್ರಯ ಶುರುವಾದದ್ದು ಆ ಸ್ಪೀಕರಿನಿಂದ. ನನ್ನ ಹೆಂಡತಿ ಗಿರಿಜಾ ಅಂಗನವಾಡಿ ಶಿಕ್ಷಕಿ. "ದಿನಾ ಪೂರ ಹುಡುಗರ ಗದ್ಲ ಕೇಳಿ ಬಂದಿರ್ತೀನ್ರಿ. ಮನಿಗೆ ಬಂದ್ರ ನಿಮ್ಮ ಡಬ್ಬಿ ಅಳಾಕತ್ತಿರ್ತೈತಿ. ಹುಡುಗರು ಅತ್ರ ಎತ್ಗೊಂಡು ಸಮಾಧಾನ ಮಾಡಬಹುದು, ಇದನ್ನ ಏನ್ ಮಾಡ್ಲಿ" ಎಂದು ಆಕೆ ಕೇಳುತ್ತಿದ್ದಳು. ಪಕ್ಕದ ಮನೆಯ ಮೆಹಬೂಬಸಾಬರು ಬಜಾರದಲ್ಲಿ ಬಟ್ಟೆ ಅಂಗಡಿ ಇಟ್ಟವರು, ಬಹಳ ನಯವಾದ ಮನುಷ್ಯ. ಬೈಯುವವರಲ್ಲ. ಚೀಲದ ವಾದ್ಯ ಗೋಳಿಡತೊಡಗಿದ ಕೂಡಲೇ ಕಾಂಪೌಂಡಿನ ಆಚೆಯಿಂದ, "ಸರ, ಮನ್ಯಾಗ ಎಲ್ಲಾರೂ ಆರಾಮ ಅದಾರಲ್ರಿ?" ಎಂದು ವಿಚಾರಿಸುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅಭಿಮಾನಿಯ ದೊಡ್ಡ ಕಷ್ಟವೆಂದರೆ ಒಂಟಿತನ. ಒಳ್ಳೆಯ ಹಾಡು ಕೇಳಿದಾಗ ಪಕ್ಕದವನ ತೊಡೆ ತಟ್ಟಿ "ಹೆಂಗ" ಎಂದು ಕೇಳಬೇಕೆನಿಸುತ್ತದೆ. ತಟ್ಟಲು ತೊಡೆ ಬೇಕಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಹುಡುಕಿದೆ. ಒಮ್ಮೆ ಕುಷ್ಟಗಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ರೈತರೊಬ್ಬರು ನನ್ನ ಕಾಲಿನ ಕುಣಿತ ನೋಡಿ ಏನು ಕೇಳುತ್ತಿದ್ದೀರಿ ಎಂದರು. ನನಗೆ ಅಷ್ಟೇ ಸಾಕಾಗಿತ್ತು. ಇಯರ್‌ಫೋನಿನ ಒಂದು ತುದಿಯನ್ನು ಅವರ ಕಿವಿಗೆ ಸಿಕ್ಕಿಸಿದೆ. ಹಾಡು ಪೂರ್ತಿ ಮುಗಿಯುವವರೆಗೆ ಕೇಳಿ, ತುದಿಯನ್ನು ಒರೆಸಿ ವಾಪಸು ಕೊಟ್ಟು, "ನಮ್ಮ ಪಂಪಸೆಟ್ಟೂ ಹಿಂಗ ಮಾಡ್ತಿತ್ರಿ. ಬೇರಿಂಗ್ ಹಾಕಿಸಿದ ಮ್ಯಾಲ ಸುಮ್ಮನಾತು" ಎಂದರು. ಅವರ ಮುಖದಲ್ಲಿ ನಿಜವಾದ ಕನಿಕರವಿತ್ತು.

ಹೀಗಿರುವಾಗ ಸಾಣಾಪುರದ ಸುದ್ದಿ ಬಂತು. ಗಂಗಾವತಿಯಿಂದ ಆಚೆ, ಬತ್ತದ ಗದ್ದೆಗಳ ನಡುವೆ ವಿದೇಶಿ ಪ್ರವಾಸಿಗಳು ಇಳಿದುಕೊಳ್ಳುವ ವಸತಿಗಳಿವೆ. ಅಂಥದೊಂದರ ಅಂಗಳದಲ್ಲಿ, ಗೋವಾಕ್ಕೆ ಹೊರಟಿದ್ದ ಒಂದು ಕೆಲ್ಟಿಕ್ ಪಂಕ್ ತಂಡ ಶನಿವಾರ ಸಂಜೆ ಹಾಡುತ್ತದಂತೆ. ಫೋನಿನಲ್ಲಿ ದೂರದೂರದ ಊರುಗಳ ಈ ಹುಚ್ಚಿನವರದೇ ಒಂದು ಗುಂಪಿದೆ, ಅದರಲ್ಲಿ ಬಂದ ಸುದ್ದಿ. ನಾನು ಅದನ್ನು ಗಿರಿಜೆಗೆ ಓದಿ ಹೇಳುವಾಗ ನನ್ನ ದನಿ ನಡುಗಿತೆಂದು ಅವಳು ಈಗಲೂ ಹೇಳುತ್ತಾಳೆ.

ಅವಳು ಸ್ವಲ್ಪ ಹೊತ್ತು ಅಕ್ಕಿ ಆರಿಸಿದಳು. ಆಮೇಲೆ ತೀರ್ಪು ಕೊಟ್ಟಳು. "ನಾನೂ ಬರ್ತೀನಿ. ಅದರಾಗ ಏನೈತಿ ಅಂತ ಒಮ್ಮೆ ಕಣ್ಣಿಲೇ ನೋಡ್ತೀನಿ. ನೋಡಿದ ಮ್ಯಾಲೂ ನನಗ ಹಿಡಿಸ್ಲಿಲ್ಲಂದ್ರ ನಿಮ್ಮ ಡಬ್ಬಿ ನಮ್ಮ ತವರಿಗೆ, ತಳಕಲ್ಲಿಗೆ ಹೋಗ್ತೈತಿ. ನಮ್ಮ ತಮ್ಮನ ಭಜನಿ ಮಂಡಳಿಗೆ ಒಂದು ಬೇಕಾಗೇತಿ." ಒಪ್ಪಿದೆ. ಒಪ್ಪದೆ ಏನು ಮಾಡಲಿ. ನನ್ನ ಸ್ಪೀಕರಿನ ಭವಿಷ್ಯ ಆ ಸಂಜೆಯ ಮೇಲೆ ನಿಂತಿತು.

ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಅಭಿಮಾನವೆಂದರೆ ಕೆಳಗೆ ಕೂತು ಚಪ್ಪಾಳೆ ತಟ್ಟುವುದಲ್ಲ, ವೇದಿಕೆ ಹತ್ತುವುದು. ಅದೂ ಆಟ ಮುಗಿದ ಮೇಲಲ್ಲ, ರಂಗೇರಿದಾಗ. ದೊಡ್ಡಾಟದಲ್ಲಿ ರಾಜ ಬಾಣ ತಾಗಿ ಬಿದ್ದು ಸಾಯುತ್ತಿರುತ್ತಾನೆ; ಅಭಿಮಾನಿಯೊಬ್ಬ ಹಾರ ಹಿಡಿದು ಮೇಲೆ ಬರುತ್ತಾನೆ. ರಾಜ ಎದ್ದು ನಿಂತು ಹಾರ ಹಾಕಿಸಿಕೊಂಡು, ಕೈಮುಗಿದು, ಮತ್ತೆ ಬಿದ್ದು ಸಾಯುತ್ತಾನೆ. ಯಾರಿಗೂ ಅದರಲ್ಲಿ ವಿಚಿತ್ರ ಕಾಣುವುದಿಲ್ಲ. ನಾನು ಬರಿಗೈಯಲ್ಲಿ ಹೋಗುವುದುಂಟೆ? ಮೆಹಬೂಬಸಾಬರ ಅಂಗಡಿಯಲ್ಲಿ ಜರಿ ಅಂಚಿನ ಶಾಲು ತೆಗೆದುಕೊಂಡೆ. ಯಾರಿಗೆ ಎಂದರು. ಚೀಲ ಊದುವವರ ಹಾಡುಗಾರನಿಗೆ ಎಂದೆ. "ಹಾಕ್ರಿ, ಹಾಕ್ರಿ. ಸನ್ಮಾನ ಆದ ಮ್ಯಾಲರ ನಿಲ್ಲಸ್ತಾರೇನೋ" ಎಂದರು. ಗಂಗಾವತಿಯಲ್ಲಿ ಇಳಿದು ಮಾರುದ್ದದ ಚೆಂಡುಹೂವಿನ ಹಾರವನ್ನೂ ಕಟ್ಟಿಸಿಕೊಂಡೆ.

ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಗಡ್ಡದವರು, ಜಡೆಯ ಗಂಡಸರು, ಹರಿದ ಚಡ್ಡಿಯವರು, ಗಂಗಾವತಿ ಕಾಲೇಜಿನ ಹುಡುಗರು. ಗಿರಿಜೆಗೆ ಹಿಂದೆ ಬೇವಿನ ಮರದ ಕೆಳಗೆ ಒಂದು ಕುರ್ಚಿ ಸಿಕ್ಕಿತು. ಹಾಡು ಶುರುವಾದದ್ದೇ ತಡ, ಎಲ್ಲರೂ ಒಬ್ಬರನ್ನೊಬ್ಬರು ನೂಕುತ್ತಾ ಗಿರಗಿರ ಸುತ್ತತೊಡಗಿದರು. ಬಿದ್ದವನನ್ನು ನೂಕಿದವನೇ ಎತ್ತಿ, ಧೂಳು ಕೊಡವಿ, ಮತ್ತೆ ನೂಕುತ್ತಿದ್ದ. ನನ್ನ ಎದೆಯೊಳಗೇ ಡ್ರಮ್ಮು ಬಡಿದಂತಾಯಿತು. ಇಷ್ಟು ವರ್ಷ ಡಬ್ಬಿಯಲ್ಲಿ ಕೇಳಿದ್ದು ಎದುರಿಗೇ ಬೆವರು ಸುರಿಸುತ್ತಾ ನಿಂತಿತ್ತು. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ಹಾಡು ರಂಗೇರಿದಾಗ ನಾನು ಪದ್ಧತಿ ಪ್ರಕಾರ ವೇದಿಕೆ ಹತ್ತಿದೆ. ಹಾಡುಗಾರ ನನ್ನನ್ನು ಕಂಡು ಹಲ್ಲು ಕಿರಿದ. ಹಾರ ಹಾಕಿದೆ, ಶಾಲು ಹೊದಿಸಿದೆ, ಫೋಟೋಕ್ಕೆಂದು ಜನರ ಕಡೆ ತಿರುಗಿ ನಿಂತೆ. ಅವನೂ ಸಭ್ಯಸ್ಥ. ಹಾರವನ್ನು ತೆಗೆದು ನನ್ನ ಕೊರಳಿಗೇ ಹಾಕಿದ, ಶಾಲನ್ನು ನನಗೇ ಹೊದಿಸಿದ. ನಮ್ಮ ಮುಖಂಡರೂ ಹಾಗೆ ಮಾಡುತ್ತಾರೆ, ಆದ್ದರಿಂದ ನನಗೆ ಸಂಶಯ ಬರಲಿಲ್ಲ. ಆಮೇಲೆ ಅವನು ಮತ್ತು ಗಿಟಾರಿನವನು ಸೇರಿ ನನ್ನ ಕೈಕಾಲು ಹಿಡಿದು ಜನರ ಮೇಲೆ ಬಿಟ್ಟರು. ಇಂಥ ಕಛೇರಿಗಳಲ್ಲಿ ವೇದಿಕೆ ಹತ್ತಿದವನು ಜನರ ಮೇಲೆ ತೇಲುವುದಕ್ಕೆಂದೇ ಹತ್ತಿದ್ದಾನೆಂದು ಲೆಕ್ಕವಂತೆ. ವೀಡಿಯೋಗಳಲ್ಲಿ ನೋಡಿದ್ದೆ. ಆದರೆ ಅದು ಹುಡುಗರ ಆಟ, ಪಿಂಚಣಿ ಹತ್ತಿರ ಬಂದವನಿಗೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ನಾನು ಅಂಗಾತ ತೇಲುತ್ತಾ ಹೊರಟೆ. ಬೀಳುವ ಹೆದರಿಕೆಗೆ ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡಿದ್ದೆ. ಈಗ ಬೇವಿನ ಮರದ ಕೆಳಗಿನಿಂದ ಇದು ಹೇಗೆ ಕಂಡಿರಬೇಕೆಂದು ಯೋಚಿಸಿ. ಗಂಡನನ್ನು ಜನ ಮೇಲೆತ್ತಿ ಹೊತ್ತಿದ್ದಾರೆ. ಮೈಮೇಲೆ ಶಾಲು, ಕೊರಳಲ್ಲಿ ಚೆಂಡುಹೂವಿನ ಹಾರ, ಮುಚ್ಚಿದ ಕಣ್ಣು. ಹಾಡು, ವಾದ್ಯ ನಿಂತಿಲ್ಲ. ನಮ್ಮ ಕಡೆ ಹೊತ್ತುಕೊಂಡು ಹೋಗುವಾಗಲೂ ಹಲಗೆ ಬಾರಿಸುತ್ತಾರೆ, ಹಾಗಾಗಿ ಅವಳಿಗೆ ಅನುಮಾನವೇ ಉಳಿಯಲಿಲ್ಲ.

ಮದುವೆಯ ದಿನ ಒಡಪಿನ ಪದ್ಯದಲ್ಲಿ ಸೇರಿಸಿ ಹೇಳಿದ್ದು ಬಿಟ್ಟರೆ ಗಿರಿಜಾ ನನ್ನ ಹೆಸರನ್ನು ಬಾಯಿಗೆ ತಂದವಳಲ್ಲ. ಅಂದು ತಂದಳು. "ಬಸವರಾಜಾ" ಎಂದು ಅಂಗನವಾಡಿಯ ದನಿಯಲ್ಲಿ ಕೂಗಿದ್ದು ಡ್ರಮ್ಮನ್ನೂ ದಾಟಿ ಬಂತು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆಯವರನ್ನೂ ಗಡ್ಡದವರನ್ನೂ ಮೊಣಕೈಯಿಂದ ಸರಿಸುತ್ತಾ ನುಗ್ಗಿದಳು. ಇಷ್ಟು ಚೆನ್ನಾಗಿ ನೂಕುವವರನ್ನು ಅವರು ನೋಡಿರಲಿಲ್ಲವೆಂದು ಕಾಣುತ್ತದೆ, ಸಂತೋಷದಿಂದ ದಾರಿ ಬಿಟ್ಟರು. ಕಾಲೇಜಿನ ಹುಡುಗರು ಅದೊಂದು ಘೋಷಣೆಯೆಂದು ತಿಳಿದು ತಾವೂ ಶುರುಮಾಡಿದರು. ತಂಡದವರು ತಾಳ ಹಿಡಿದರು. ಅಂಗಳಕ್ಕೆ ಅಂಗಳವೇ "ಬಸವರಾಜಾ, ಬಸವರಾಜಾ" ಎಂದು ಕುಣಿಯುತ್ತಿರುವಾಗ ನನ್ನನ್ನು ಮೆಲ್ಲಗೆ ಅವಳ ಮುಂದೆ ಇಳಿಸಿದರು. ನಾನು ಕಣ್ಣು ತೆರೆದೆ. ಅವಳು ನನ್ನ ಮೂಗಿನ ಹತ್ತಿರ ಕೈ ಹಿಡಿದು ನೋಡಿ, ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತಳು. ಆ ಅಳು ಕಂಡು ನನಗೆ ನಾಚಿಕೆಯೂ ಆಯಿತು. ಒಳಗೊಳಗೇ ಹೇಳಲಾರದಂಥ ಸುಖವೂ ಆಯಿತು.

ಗಂಗಾವತಿ ಮುಟ್ಟುವವರೆಗೆ ಅವಳು ನನ್ನ ತೋಳು ಬಿಡಲಿಲ್ಲ. ಕೊಪ್ಪಳದ ಬಸ್ಸಿನಲ್ಲಿ ಕೂತ ಮೇಲೆ ನಾನೇ ಹೇಳಿದೆ: "ಡಬ್ಬಿ ತಳಕಲ್ಲಿಗೆ ಕಳಸೂಣು ಬಿಡು."

"ಬ್ಯಾಡ" ಎಂದಳು. "ಅದಿಲ್ಲಂದ್ರ ನೀವು ಆ ಹಾಡು ಹುಡುಕ್ಕೊಂಡು ಮತ್ತ ಅಂಥಾ ಜಾಗಕ್ಕ ಹೋಗಾವ್ರು. ಮನ್ಯಾಗ ಹಚ್ಚ್ರಿ. ನನ್ನ ಕಣ್ಣ ಮುಂದ ಇರ್ರಿ."

ಹೀಗೆ ಸ್ಪೀಕರು ಉಳಿಯಿತು. ಸಂಜೆ ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹಾಡು ಹಚ್ಚುತ್ತೇನೆ. ಆದರೆ ಆ ಚೀಲದ ದನಿ ಎದ್ದ ಕೂಡಲೇ ಅಡುಗೆಮನೆಯಲ್ಲಿ ಗಿರಿಜೆಯ ಎದೆ ಧಸಕ್ಕೆನ್ನುತ್ತದಂತೆ. ಮೊದಲು ರೊಟ್ಟಿ ಬಿಟ್ಟು ಓಡಿ ಬಂದು ನೋಡಿ ಹೋಗುತ್ತಿದ್ದಳು. ರೊಟ್ಟಿ ಸೀಯತೊಡಗಿದ ಮೇಲೆ ಒಳಗಿನಿಂದಲೇ ಕೇಳುತ್ತಾಳೆ: "ಅದೀರೇನ್ರಿ?" ನಾನು "ಅದೀನಿ" ಎನ್ನುತ್ತೇನೆ. ಸ್ವಲ್ಪ ಹೊತ್ತಿಗೆ ಮತ್ತೆ "ಅದೀರೇನ್ರಿ?", ಮತ್ತೆ "ಅದೀನಿ". ಹಾಡಿನ ಭರಾಟೆಯಲ್ಲಿ ಕೇಳಿಸಬೇಕಲ್ಲ, ಇಬ್ಬರೂ ಗಂಟಲು ಹರಿಯುವಂತೆ ಕೂಗುತ್ತೇವೆ. ದಿನಗಳೆದಂತೆ ತಾಳಕ್ಕೂ ಸರಿಯಾಗಿ ಬೀಳುತ್ತಿದೆ.

ಮೊನ್ನೆ ಮೆಹಬೂಬಸಾಬರು ಕಾಂಪೌಂಡಿನ ಆಚೆಯಿಂದ ತಲೆ ಎತ್ತಿದರು. ಆರಾಮ ವಿಚಾರಿಸುತ್ತಾರೆಂದುಕೊಂಡೆ. "ಸರ, ಹೊಸಾದು ತರ್ಸೀರೇನ್ರಿ? ನಡುವ ಕನ್ನಡ ಬರಾಕತ್ತೇತಲ್ಲ, ಅದೊಂದು ಭಾಳ ಛಲೋ ಐತ್ರಿ. ಬರೀ ಅದನ್ನಷ್ಟ ಹಚ್ಚಾಕ ಬರ್ತೈತೇನ್ರಿ?"