ಅಕ್ಕೋರ ಮನೆ ಮುಂದೆ ಸಾವಕಾಶ

ಸ್ವಲ್ಪ ಹೊತ್ತು ಜೋರಾಗಿ ನಡೆಯಬೇಕು, ಆಮೇಲೆ ಸ್ವಲ್ಪ ಹೊತ್ತು ಸಾವಕಾಶ, ಮತ್ತೆ ಜೋರು. ಹೀಗೆ ಮಾಡಿದರೆ ರಕ್ತದ ಸಕ್ಕರೆ ಹಿಡಿತಕ್ಕೆ ಬರುತ್ತದೆ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ಎಲ್ಲಿ ಜೋರು, ಎಲ್ಲಿ ಸಾವಕಾಶ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಅದನ್ನು ಗುರುಪುತ್ರಪ್ಪ ತಾನೇ ಗೊತ್ತುಮಾಡಿಕೊಂಡ.

ಅವನು ಖಾನಾಪುರದ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಹೆಂಡತಿ ಕಾಡವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುತ್ತಿದ್ದುದು ರೇಡಿಯೋ ಒಂದೇ. ಅದು ಎಂದೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಸಿಹಿ ತಿನ್ನುವ ಆಸೆಯನ್ನಾದರೂ ಅವನು ಹೇಗೋ ಅದುಮಿಟ್ಟಿದ್ದ. ಉಂಡೆಯಾ, ಉಟ್ಟೆಯಾ ಎಂದು ಯಾರಾದರೂ ವಿಚಾರಿಸಲಿ ಎಂಬ ಆಸೆಗೆ ಮಾತ್ರೆ ಇರಲಿಲ್ಲ.

ಹೊಳೆಗೆ ಹೋಗುವ ದಾರಿಯಲ್ಲಿ ಪ್ರಮಿಳಾ ಅಕ್ಕೋರ ಬಾಡಿಗೆ ಮನೆ. ಸಾಂಬ್ರಾ ಕಡೆಯ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತರಾಗಿ ಬಂದವರು, ಮದುವೆಯಾಗದವರು. ಬೆಳಿಗ್ಗೆ ಗೇಟಿನ ಬಳಿ ಹೂ ಬಿಡಿಸುತ್ತ, "ಚಾ ಆತೇನ್ರಿ?" ಎಂದು ಕೇಳುತ್ತಿದ್ದರು. ಇವನು "ಆತ್ರಿ" ಎನ್ನುತ್ತಿದ್ದ. ಅಷ್ಟೇ. ಆ ಒಂದು ಮಾತಿಗಾಗಿ ಗುರುಪುತ್ರಪ್ಪ ಪೇಟೆಯನ್ನು ಪೊಲೀಸರು ಬೆನ್ನಟ್ಟಿದವನಂತೆ ದಾಟಿ, ಅಕ್ಕೋರ ಗೇಟು ಕಂಡದ್ದೇ ಮದುವೆ ಮೆರವಣಿಗೆಯ ಕುದುರೆಯಂತೆ ಹೆಜ್ಜೆ ಇಡುತ್ತಿದ್ದ.

ಆ ದಿನ ಅವನು ಇನ್ನೊಂದು ಮಾತು ಆಡುವುದೆಂದು ನಿಶ್ಚಯಿಸಿದ್ದ. "ನೀವೂ ವಾಕಿಂಗಿಗೆ ಬರ್ರಲ್ಲ" ಎಂಬುದೇ ಆ ಮಾತು. ರಾತ್ರಿಯೆಲ್ಲ ಅದನ್ನು ಬಾಯಿಪಾಠ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು ಹೊರಬಿದ್ದರೆ, ಬಾಗಿಲಲ್ಲೇ ಪಕ್ಕದ ಮನೆಯ ಹಿಟ್ಟಿನ ಗಿರಣಿ ಈರಣ್ಣ ನಿಂತಿದ್ದ. ಗುರುಪುತ್ರಪ್ಪನ ಸಕ್ಕರೆ ಅಂದುಕೊಂಡಷ್ಟು ಇಳಿದಿಲ್ಲವೆಂಬ ಸುದ್ದಿ ಅವನಿಗೆ ತಲುಪಿತ್ತು.

"ಯಣ್ಣಾ, ನಾ ನೋಡೇನಿ. ಹೊಳಿ ದಾರ‍್ಯಾಗ ಒಂದ ಕಡೆ ನಿನ್ನ ಕಾಲು ಬಿದ್ದು ಹೋಗ್ತಾವ. ಇವತ್ತ ನಾ ಇರ್ತೀನಿ ಬಾಜೂಕ," ಎಂದ.

ಬೇಡವೆಂದರೆ ಕಾರಣ ಹೇಳಬೇಕಾಗುತ್ತಿತ್ತು. ಇಬ್ಬರೂ ಹೊರಟರು. ಅಕ್ಕೋರು ಗೇಟಿನಲ್ಲೇ ಇದ್ದರು. ಗುರುಪುತ್ರಪ್ಪ ನಿಧಾನವಾಗಿ ಬಾಯಿ ತೆರೆದ. ಅಷ್ಟರಲ್ಲಿ ಈರಣ್ಣ ಅವನ ರಟ್ಟೆ ಹಿಡಿದು, ಜೋರು ಇನ್ನೂ ಮುಗಿದಿಲ್ಲವೆಂದು ಗೋಧಿ ಚೀಲ ಎಳೆದಂತೆ ಎಳೆದುಕೊಂಡು ಹೋದ. ಹಿಂದಿನಿಂದ ಅಕ್ಕೋರು ಏನೋ ಕೂಗಿದರು. ಕೇಳಿಸಿದ್ದು ಕೊನೆಯ "ರೀ" ಮಾತ್ರ.

ಆ "ರೀ"ಯ ಹಿಂದೆ ಏನಿತ್ತು? ಅದನ್ನು ತಿಳಿಯದೆ ಮುಂದೆ ಒಂದು ಹೆಜ್ಜೆ ಇಡುವುದೂ ಅವನಿಂದಾಗಲಿಲ್ಲ. ಕೈ ಕೊಸರಿಕೊಂಡು ಗಕ್ಕನೆ ತಿರುಗಿ ಓಡತೊಡಗಿದ. ಈರಣ್ಣ ಗಾಬರಿಯಾಗಿ ಬೆನ್ನುಹತ್ತಿದ. ಇಬ್ಬರು ಓಡುವುದನ್ನು ಕಂಡು ಒಂದು ಬೀದಿನಾಯಿಗೂ ಹುರುಪು ಬಂತು. ತರಕಾರಿ ಬುಟ್ಟಿ ಹೊತ್ತು ಬರುತ್ತಿದ್ದ ಭರಮವ್ವ ಇದನ್ನು ನೋಡಿ, ಹುಚ್ಚುನಾಯಿ ಬಂದಿದೆಯೆಂದು ಓಣಿಗೆಲ್ಲ ಸಾರಿದಳು. ಬಡಿಗೆ ಹಿಡಿದವರು, ಬರೀ ನೋಡಲು ಬಂದವರು ಎಲ್ಲರೂ ಕೂಡಿದರು. ಗುರುಪುತ್ರಪ್ಪ ಅಕ್ಕೋರ ಗೇಟು ತಳ್ಳಿ ಒಳನುಗ್ಗಿ ಕಟ್ಟೆಯ ಮೇಲೆ ಕುಸಿದ. ನಾಯಿ ಗೇಟಿನಾಚೆ ಬಾಲ ಅಲ್ಲಾಡಿಸುತ್ತ ನಿಂತಿತು.

ಅವನ ಬೆವರು ನೋಡಿ ಅಕ್ಕೋರು ಒಳಗೋಡಿ ನೀರು, ಬೆಲ್ಲ ತಂದರು.

"ಸಕ್ಕರಿ ಪೂರಾ ಇಳದಿರಬೇಕ್ರಿ. ಮದಲ ಇದನ್ನ ಬಾಯಾಗ ಹಾಕೋರಿ. ಮುಂಜಾನೆ ಏನರೆ ತಿಂದಿರೋ ಇಲ್ಲೋ?"

ತಿಂದಿದ್ದ. ಆದರೂ ಇಲ್ಲವೆಂದು ತಲೆಯಾಡಿಸಿದ. ಬೆಲ್ಲ ನಾಲಿಗೆಯ ಮೇಲೆ ಕರಗುತ್ತಿತ್ತು. ಅದಕ್ಕಿಂತ ಆ ಪ್ರಶ್ನೆ ಇನ್ನೂ ಸಿಹಿಯಾಗಿ ಕರಗುತ್ತಿತ್ತು. ಗೇಟಿನಾಚೆಯ ಜನ, ಗುಮಾಸ್ತರಿಗೆ ಬೆಲ್ಲ ಕೊಡಬಹುದೋ ಬಾರದೋ ಎಂದು ಕನ್ನಡ ಮರಾಠಿ ಎರಡರಲ್ಲೂ ವಾದ ಮಾಡುತ್ತಿದ್ದರು. ಅವನಿಗೆ ಯಾವ ಭಾಷೆಯೂ ಕೇಳಿಸಲಿಲ್ಲ. ಹೀಗೇ ಈ ಕಟ್ಟೆಯ ಮೇಲೆ ಮುಪ್ಪಾಗಬಹುದಿತ್ತು ಎನಿಸಿತು.

ಕೊನೆಗೆ ಅವನೇ ಕೇಳಿದ: "ಆಗ ನೀವು ಏನೋ ಅಂದ್ರೆಲ್ಲ?"

"ಹೌದ್ರಿ. ನನಗೂ ಸಕ್ಕರಿ ಬಂದೈತಂತ. ಒಬ್ಬಾಕಿನ ನಡ್ಯಾಕ ಬ್ಯಾಸರ. ನಿಮ್ಮ ಜೋಡಿ ನಾನೂ ಬರಲೇನ್ರೀ ಅಂತ ಕೇಳಿದ್ನಿ."

ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಮಾತು ಅವರ ಬಾಯಿಂದಲೇ ಬಂದಿತ್ತು. ಗುರುಪುತ್ರಪ್ಪ ಅಂಗಿಯ ಕಾಲರು ಸರಿಮಾಡಿಕೊಂಡ. ನಾಳೆಯಿಂದ ಬನ್ನಿ ಎಂದ. ನಾಳೆ ಯಾಕೆ, ನೀವು ಸುಧಾರಿಸಿಕೊಂಡಿದ್ದರೆ ಈಗಲೇ ಹೋಗೋಣ ಎಂದು ಅಕ್ಕೋರು ಒಳಗೆ ಹೋದರು. ಹೊರಬಂದಾಗ ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು, ಸೆರಗು ಸೊಂಟಕ್ಕೆ ಬಿಗಿ.

ಈರಣ್ಣ ಬೂಟುಗಳನ್ನೇ ನೋಡುತ್ತ, "ಅಕ್ಕೋರ, ಸಾಲ್ಯಾಗ ಏನ್ ಕಲಸ್ತಿದ್ರಿ?" ಎಂದ.

"ಡ್ರಿಲ್," ಎಂದರು ಅಕ್ಕೋರು. "ನಡೀರಿ. ಮದಲ ಜೋರ್."

ಗುರುಪುತ್ರಪ್ಪ ಗೇಟು ದಾಟುವಷ್ಟರಲ್ಲಿ ಅವರು ಓಣಿಯ ತುದಿಯಲ್ಲಿದ್ದರು. ಅವರ ಸಾವಕಾಶವೇ ಇವನ ಜೋರಾಗಿತ್ತು. ಸೇತುವೆಯ ಹತ್ತಿರ ಅವರು ನಿಧಾನ ಮಾಡಿದ್ದು ಕಂಡು ಏದುಸಿರಿನಲ್ಲಿ ಹೋಗಿ ಸೇರಿಕೊಂಡ. ಏನಾದರೂ ಹೇಳೋಣವೆಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅಕ್ಕೋರ ಸಾವಕಾಶ ಮುಗಿಯಿತು.

"ಮತ್ತ ಜೋರ್ ರೀ," ಎಂದು ಹೊರಟೇಬಿಟ್ಟರು.

ಇಷ್ಟು ದಿನ ಗೇಟಿನ ಬಳಿ ದಿನಕ್ಕೊಮ್ಮೆ ಅವರ ಮುಖವನ್ನಾದರೂ ಕಾಣುತ್ತಿದ್ದ ಗುರುಪುತ್ರಪ್ಪ, ಮಲಪ್ರಭೆಯ ಸೇತುವೆಯ ಕಟಕಟೆ ಹಿಡಿದು, ದೂರ ದೂರ ಹೋಗುತ್ತಿದ್ದ ಅವರ ಬೆನ್ನನ್ನು ಕಣ್ಮರೆಯಾಗುವವರೆಗೂ ನೋಡಿದ.