ಅಕಾರಾದಿಗೆ ಒಗ್ಗದ ನಿಘಂಟು

ನಮ್ಮ ಚಿಕ್ಕಪ್ಪ ಒಂದು ತುಳು ನಿಘಂಟು ಬರೆದಿದ್ದರು. ಅದರಲ್ಲಿ ಯಾರಿಗೂ ಯಾವ ಶಬ್ದವೂ ಸಿಗುತ್ತಿರಲಿಲ್ಲ! 'ಅ' ಎಲ್ಲಿ ಎಂದು ಕೇಳಿದರೆ "ಅಲ್ಲಲ್ಲಿ" ಎನ್ನುತ್ತಿದ್ದರು. ಶಬ್ದಗಳನ್ನು ಕಿವಿಗೆ ಬಿದ್ದ ಕ್ರಮದಲ್ಲೇ ಬರೆದಿಟ್ಟರೆ ಇನ್ನೇನಾದೀತು?

ಐವತ್ತರ ದಶಕದ ಕೊನೆಗೆ ಧಾರವಾಡದ ಕಡೆಯಿಂದ ಕಾರ್ಕಳಕ್ಕೆ ಮೇಷ್ಟರಾಗಿ ಬಂದವರು ಅವರು. ತುಳುವಿನ ಗಂಧಗಾಳಿಯೂ ಇರಲಿಲ್ಲ. ಕಾಪುವಿಗೆ ಹೆಣ್ಣು ನೋಡಲು ಹೋದ ದಿನ ಚಿಕ್ಕಮ್ಮನೇ ಬಾಗಿಲಿಗೆ ಬಂದು "ಬಲೆ, ಬಲೆ" ಎಂದರಂತೆ. ಬನ್ನಿ ಎಂದರ್ಥ. ಇವರು ಕಡಲೂರಿನ ಮೀನಿನ ಬಲೆ ಕಾಲಿಗೆ ಸಿಕ್ಕೀತೆಂದು ಪಂಚೆ ಎತ್ತಿಕೊಂಡು ಹಾರಿಯೇ ಒಳಗೆ ಬಂದರು! ನಿಘಂಟಿನ ಮೊದಲ ಶಬ್ದ 'ಬಲೆ'. ಎರಡನೆಯದು 'ತೆಲಿಕೆ', ಅಂದರೆ ನಗು.

ಮದುವೆಯಾದ ಮೇಲೆ ಚಿಕ್ಕಮ್ಮ, "ಶಂಕರಪುರದಿಂದ ಒಂದು ಅಟ್ಟೆ ತನ್ನಿ" ಎಂದರು. ಅವರು ಹೇಳಿದ್ದು ಮಲ್ಲಿಗೆಯ ಕಟ್ಟು. ಧಾರವಾಡದ ಕಿವಿಗೆ ಕೇಳಿದ್ದು ಚಪ್ಪಲಿಯ ಅಟ್ಟೆ! ಆ ಮಲ್ಲಿಗೆಯ ಊರಿಡೀ ಅಲೆದು, ಚಪ್ಪಲಿ ಹೊಲಿಯುವವನನ್ನು ಹುಡುಕಿ, ಬಾಳೆಲೆಯಲ್ಲಿ ಸುತ್ತಿಸಿಕೊಂಡು ತಂದರು.

"ಇದನ್ನು ಮುಡಿಯುವುದು ಹೇಗೆ ಮಾರಾಯ್ರೆ?" ಎಂದರಂತೆ ಚಿಕ್ಕಮ್ಮ.

ಚಿಕ್ಕಪ್ಪನಿಂದ ಒಂದು ಶಬ್ದ ಹುಡುಕಿಸುವುದೆಂದರೆ ಅರ್ಧ ದಿನದ ಕೆಲಸ.

"ಚಿಕ್ಕಪ್ಪ, ಇರುವೆಗೆ ಬರೆದದ್ದು ಎಲ್ಲುಂಟು?"

ಕಣ್ಣು ಮುಚ್ಚಿಕೊಳ್ಳುತ್ತಿದ್ದರು. "ತಡಿಯವ್ವಾ... ಆಗ ಕುಕ್ಕುಂದೂರಿನ ಮನ್ಯಾಗ ಇದ್ವಿ. ಸಕ್ಕರಿ ಡಬ್ಬಿ ತೆರೆದಿತ್ತು..." ಮುಖದಲ್ಲಿ ಸಣ್ಣ ನಗು, ಕೈಯಲ್ಲಿ ಆರಿದ ಚಹಾ. ಇರುವೆಯನ್ನು ಮರೆತು ನಾನೂ ಅವರನ್ನೇ ನೋಡುತ್ತ ಕೂರುತ್ತಿದ್ದೆ.

ಚಿಕ್ಕಮ್ಮ ತೀರಿಕೊಂಡ ಮರುವರ್ಷ ಉಡುಪಿಯ ಮುದ್ರಕರೊಬ್ಬರು ನಿಘಂಟನ್ನು ಅಚ್ಚು ಹಾಕಲು ಒಪ್ಪಿದರು. ಅಕಾರಾದಿಯಲ್ಲಿರಬೇಕು ಎಂಬುದೊಂದೇ ಷರತ್ತು. ರಜೆಯಿಡೀ ಕೂತು ನಾನು ಒಂದೊಂದು ಶಬ್ದವನ್ನೂ ಚೀಟಿಗಿಳಿಸಿ, ಅಕ್ಷರದ ಸಾಲಿಗೆ ಜೋಡಿಸಿ, ದಾರ ಕಟ್ಟಿ ಬಲು ಜಂಬದಿಂದ ಅವರ ಮುಂದಿಟ್ಟೆ.

ಚೀಟಿಗಳನ್ನು ಮಗುಚುತ್ತ ಕೇಳಿದರು: "ಇದ್ರಾಗ ಅಕಿ ಎಲ್ಲಿದ್ದಾಳ?"

"ಯಾರು?"

"ನಿಮ್ಮ ಚಿಕ್ಕಮ್ಮ."

"ನಿಘಂಟಿನಲ್ಲಿ ಚಿಕ್ಕಮ್ಮ ಎಂತಕ್ಕೆ ಇರ್ತಾರೆ ಚಿಕ್ಕಪ್ಪ?"

ಅವರು ಹಳೆಯ ಪುಸ್ತಕದ ಕೊನೆಯ ಪುಟ ತೆರೆದರು. ಒಂದೇ ಶಬ್ದವಿತ್ತು. 'ಉಪ್ಪುಲೆ: ಇರಿ.' ಆಸ್ಪತ್ರೆಯಲ್ಲಿ ಅವರ ಕೈ ಹಿಡಿದು ಚಿಕ್ಕಮ್ಮ ಆಡಿದ ಕೊನೆಯ ಮಾತು.

"ನಿನ್ನ ಕಟ್ಟಿನಾಗ ಇದು 'ಬಲೆ'ಗಿಂತ ಮೊದಲ ಬಂದದ. ಅಕಿ ಬರೂಕಿಂತ ಮೊದಲ ಹೋಗಿಬಿಟ್ಟಾಳಲ್ಲವ್ವಾ."

ನನಗೆ ಅಳು ತಡೆಯಲಾಗಲಿಲ್ಲ. ದಾರ ಬಿಚ್ಚಿದೆ. ಅವತ್ತು ಸಂಜೆಯವರೆಗೂ ನಾವಿಬ್ಬರು ಕೂತು, ಚಿಕ್ಕಮ್ಮನನ್ನು ಮೊದಲ ದಿನದಿಂದ ಮತ್ತೆ ಜೋಡಿಸಿದೆವು.