ಮೂರನೆಯ ಚಿತ್ರದ ಸಪಾಟು ಹೊಟ್ಟೆಯವರ ಸನ್ನಿಧಾನಕ್ಕೆ

ಚೀಲದ ಪೆಟ್ಟಿಗೆಯೊಳಗಿನ ಸೂಚನೆ ಕಾಗದದ ಮೂರನೆಯ ಚಿತ್ರದಲ್ಲಿ ಖಾಯಂ ವಾಸವಾಗಿರುವ, ಸುಕ್ಕು, ಕೂದಲು, ಗಾಯದ ಕಲೆಗಳೆಂಬ ಸಕಲ ಲೌಕಿಕ ತಾಪತ್ರಯಗಳಿಂದ ಮುಕ್ತರಾದ ಸಪಾಟು ಹೊಟ್ಟೆಯವರಿಗೆ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಬಿದ್ದರೆ ಹೊಟ್ಟೆಗೆ ಅಂಟಿಸಿಕೊಂಡ ನನ್ನ ಪ್ಲೇಟು ಎದ್ದುಹೋಗುವ ಸಂಭವವಿರುವುದರಿಂದ ಸದ್ಯಕ್ಕೆ ನಿಂತೇ ಹೇಳಿದ್ದೇನೆ.

ಮಾನ್ಯರೇ,

ಮೊದಲು ತಮ್ಮ ಕ್ಷೇಮ ವಿಚಾರಿಸಬೇಕಾದದ್ದು ಮರ್ಯಾದೆ. ಆದರೆ ತಿಂಗಳುಗಟ್ಟಲೆ ತಮ್ಮ ದರ್ಶನ ಮಾಡುತ್ತಿರುವ ನನಗೆ ತಾವು ಕ್ಷೇಮವಾಗಿಯೇ ಇದ್ದೀರೆಂಬುದು ಗೊತ್ತು. ನನ್ನ ಕ್ಷೇಮವನ್ನು ತಾವು ಕೇಳುವಂತಿಲ್ಲ, ಏಕೆಂದರೆ ಚಿತ್ರ ತೆಗೆದವರು ತಮ್ಮನ್ನು ಎದೆಯಿಂದ ಕೆಳಗೆ, ತೊಡೆಯಿಂದ ಮೇಲೆ ಕತ್ತರಿಸಿ ಇಟ್ಟಿದ್ದಾರೆ, ಬಾಯಿಯನ್ನೇ ಉಳಿಸಿಲ್ಲ. ಆದ್ದರಿಂದ ನಾನೇ ಹೇಳಿಕೊಳ್ಳುತ್ತೇನೆ.

ನಾನು ಶಾಲೆಯ ಗೇಟಿನ ಎದುರು ಮೂವತ್ತೊಂದು ವರ್ಷದಿಂದ ಪಂಚರ್ ಅಂಗಡಿ ಇಟ್ಟುಕೊಂಡವನು. ತೂತಾದ ಟ್ಯೂಬಿಗೆ ಪ್ಯಾಚು ಅಂಟಿಸುವುದು ನನ್ನ ಕಸುಬು, ಮತ್ತು ನಾನು ಹಾಕಿದ ಪ್ಯಾಚು ಎದ್ದಿತೆಂದು ವಾಪಸು ಬಂದವರು ಈ ಬೀದಿಯಲ್ಲಿ ಯಾರೂ ಇಲ್ಲ. ಹೀಗಿರಲಾಗಿ ಆರು ತಿಂಗಳ ಹಿಂದೆ ನನ್ನ ಕರುಳೇ ರಿಪೇರಿಗೆ ಬಂತು. ಡಾಕ್ಟರು ಕೆಟ್ಟ ಭಾಗ ತೆಗೆದು, ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆ ಹೊರಗೆ ತಂದು ಹೊಲಿದು, ಇನ್ನು ಮುಂದೆ ಮಲ ಹೋಗುವ ದಾರಿ ಇದೇ, ಇದರ ಸುತ್ತ ಅಂಟಿನ ಪ್ಲೇಟು ಕೂರಿಸಿ ಚೀಲ ಹಾಕಿಕೊಳ್ಳಬೇಕು ಎಂದರು. ಜೀವ ಉಳಿಯಿತಲ್ಲ ಎಂದು ಕೈಮುಗಿದೆ. ಅಂಟಿಸುವುದು ತಾನೇ, ಅದನ್ನು ನನಗೆ ಯಾರು ಹೇಳಿಕೊಡಬೇಕು ಎಂದು ಮನಸ್ಸಿನಲ್ಲೇ ಮೀಸೆಯನ್ನೂ ತಿರುವಿಕೊಂಡೆ.

ಆಗ ಪೆಟ್ಟಿಗೆಯಿಂದ ತಾವು ಪ್ರತ್ಯಕ್ಷರಾದಿರಿ. ಆಹಾ, ಏನು ನಯ, ಏನು ಮಟ್ಟಸ! ತಮ್ಮ ಮೈಮೇಲಿರುವ ಒಂದೇ ಒಂದು ಮಡಿಕೆಯೆಂದರೆ ಕಾಗದ ಮಡಚಿದ್ದು. ನನ್ನ ಹೊಟ್ಟೆಯಲ್ಲಾದರೋ ನಟ್ಟನಡುವೆ ಉದ್ದಕ್ಕೂ ಒಂದು ಹೊಲಿಗೆಯ ಕಲೆ, ಅದರ ಪಕ್ಕ ಬೆರಳು ಹೂಳುವಷ್ಟು ಗುಂಡಿ, ಕಾಯಿಲೆಯಲ್ಲಿ ಮೈ ಇಳಿದು ಚರ್ಮ ಮಾತ್ರ ಇಳಿಯದೆ ಉಳಿದ ಸುಕ್ಕುಗಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತಾವು ನಗಬಹುದು. ಸ್ವಾಮಿ, ನನ್ನ ವಿಷಯದಲ್ಲಿ ನೆಲ ನಿಜವಾಗಿಯೂ ಡೊಂಕು.

ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಟ್ಯೂಬಿಗೆ ಪ್ಯಾಚು ಹಾಕುವ ಮುಂಚೆ ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡುತ್ತೇವೆ, ಆಗಲೇ ಅಂಟು ಕಚ್ಚುವುದು. ಎರಡು ಸಲ ಪ್ಲೇಟು ಎದ್ದುಹೋದ ಮೇಲೆ ನನ್ನೊಳಗಿನ ಕಸುಬುದಾರ ಸುಮ್ಮನಿರಲಿಲ್ಲ. ಉಪ್ಪುಕಾಗದ ಮುಟ್ಟುವಷ್ಟು ಹುಚ್ಚು ಹಿಡಿದಿರಲಿಲ್ಲ, ಹಿಮ್ಮಡಿ ಉಜ್ಜುವ ಕಲ್ಲು ತೆಗೆದುಕೊಂಡೆ. ಬಚ್ಚಲಿನ ಬಾಗಿಲಿಗೆ ಬಂದ ನನ್ನಾಕೆ, "ರೀ, ನಿಮಗೇನ್ ತಲೆ ಕೆಟ್ಟಿದೆಯಾ? ಅದು ಟ್ಯೂಬಲ್ಲ, ಚರ್ಮ!" ಎಂದು ಕಲ್ಲನ್ನು ಕಿತ್ತುಕೊಂಡು ಕಿಟಕಿಯಾಚೆ ಎಸೆದಳು. ಅಷ್ಟರಲ್ಲಿ ಚರ್ಮ ಕೆಂಪಾಗಿ ನೀರು ಒಸರತೊಡಗಿತ್ತು. ಒದ್ದೆ ಜಾಗದ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲವೆಂಬುದು ನನಗೆ ಗೊತ್ತಿದ್ದ ಪಾಠವೇ.

ಅದರ ಫಲ ಅಂಗಡಿಯಲ್ಲೇ ಸಿಕ್ಕಿತು. ಶಾಲೆಯ ಹೆಡ್‌ಮೇಡಂ ಸ್ಕೂಟರಿನ ಚಕ್ರ ಬಿಚ್ಚಿಸಿ ಎದುರು ನಿಂತಿದ್ದಾಗ ನನ್ನ ಪ್ಲೇಟಿನ ಅಂಚು ಎದ್ದು ಸೋರಿತು. ಅವರು ಮೂಗಿಗೆ ಸೆರಗು ಹಿಡಿದು, "ಏನಿದು ವಾಸನೆ? ಮೋರಿ ಕಟ್ಟಿಕೊಂಡಿದೆಯಾ?" ಎಂದರು. ನಾನೂ ಮೂಗು ಮುಚ್ಚಿಕೊಂಡು, "ಹೌದು ಮೇಡಂ, ಕೇಳೋರೇ ಇಲ್ಲ ನೋಡಿ" ಎಂದುಬಿಟ್ಟೆ. ಅವರು ಹಿಡಿದ ಕೆಲಸ ಬಿಡುವವರಲ್ಲ. ಮಾರನೆಯ ದಿನವೇ ಇಬ್ಬರು ಕೆಲಸದವರು ಬಂದು, ಯಾವ ಪಾಪವನ್ನೂ ಅರಿಯದ ಆ ಮೋರಿಯನ್ನು ಬುಡದವರೆಗೆ ತೊಳೆದುಹೋದರು. ನಾನು ಅಂಗಡಿಗೆ ಬೀಗ ಹಾಕಿದೆ.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ. ತನ್ನ ಹೊಟ್ಟೆಯ ಪ್ಯಾಚೇ ನಿಲ್ಲದವನು ನಮ್ಮ ಟ್ಯೂಬಿಗೆ ಏನು ಹಾಕುತ್ತಾನೆ ಎಂದು ಜನ ಆಡಿಕೊಂಡರೆ ನಾನು ಮತ್ತೆ ಆ ಮೂಲೆಯಲ್ಲಿ ಕೂರುವುದು ಹೇಗೆ? ಐದು ವಾರ ಮನೆಯಲ್ಲಿ ಕುಳಿತೆ. ಹೊಟ್ಟೆಯ ನೋವಿಗಿಂತ ಅದೇ ಹೆಚ್ಚು ನೋಯಿಸಿತು, ಮಾನ್ಯರೇ.

ಆಸ್ಪತ್ರೆಯ ಸಿಸ್ಟರು ಪುಣ್ಯಾತ್ಗಿತ್ತಿ. ಎರಡು ಸಲ ಮಂಚದ ಮೇಲೆ ಮಲಗಿಸಿ ನೋಡಿದರು. ಮಲಗಿದಾಗ ನನ್ನ ಹೊಟ್ಟೆಯೂ ಹೆಚ್ಚುಕಡಿಮೆ ತಮ್ಮ ದೂರದ ನೆಂಟನಂತೆಯೇ ಕಾಣುವುದರಿಂದ ಪ್ಲೇಟು ಚೆನ್ನಾಗಿ ಕೂರುತ್ತಿತ್ತು, ಮನೆಗೆ ಬಂದರೆ ಏಳುತ್ತಿತ್ತು. ಮೂರನೆಯ ಸಲ ಅವರು, "ಕೆಲಸ ಮಾಡುವಾಗ ಹೇಗೆ ಕೂರ್ತೀರಿ? ಹಾಗೇ ಕೂತು ತೋರಿಸಿ" ಎಂದರು. ತೂಕದ ಯಂತ್ರದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಎದುರಿಗೆ ಚಕ್ರವಿದೆಯೆಂಬಂತೆ ಕೈ ಆಡಿಸಿದೆ. ಅವರೂ ನೆಲಕ್ಕೆ ಬಗ್ಗಿ ನೋಡಿ, "ಅಯ್ಯೋ, ಮಲಗಿದಾಗ ಇರೋ ಹೊಟ್ಟೆ ಇದಲ್ಲವೇ ಅಲ್ಲ!" ಎಂದರು. ಕುಳಿತರೆ ಎರಡು ಮಡಿಕೆ ಬಿದ್ದು, ಪ್ಲೇಟಿನ ಅಂಚನ್ನೇ ನುಂಗುತ್ತಿದ್ದವು.

ನನಗೆ ನಾನೇ ಕಪಾಳಕ್ಕೆ ಹೊಡೆದುಕೊಳ್ಳುವಂತಾಯಿತು. ಗಾಳಿ ತುಂಬದೆ ಟ್ಯೂಬಿನ ತೂತು ಹುಡುಕುವವನು ಪಂಚರ್ ಅಂಗಡಿಯವನೇ ಅಲ್ಲ ಎಂದು ಮೂವತ್ತೊಂದು ವರ್ಷ ಊರಿಗೆಲ್ಲ ಹೇಳಿದವನು, ನನ್ನ ತೂತನ್ನು ಮಾತ್ರ ಮಲಗಿಕೊಂಡು ಹುಡುಕುತ್ತಿದ್ದೆ. ತಮ್ಮ ಕಾಗದವೂ ಒಂದು ಸಲವಾದರೂ 'ಎದ್ದು ಕೂತು ನೋಡಪ್ಪ' ಎಂದು ಹೇಳಲಿಲ್ಲ. ತಾವು ಜನ್ಮದಲ್ಲಿ ಒಮ್ಮೆಯಾದರೂ ಕೂತವರಾಗಿದ್ದರೆ ತಾನೇ ಹೇಳುವುದು!

ಜೊತೆಗೆ ಬಂದಿದ್ದ ನನ್ನಾಕೆ ಪೆನ್ನು ತೆಗೆದು, ಎಲ್ಲಿ ಮಡಿಕೆ, ಎಲ್ಲಿ ಗುಂಡಿ ಎಂಬುದನ್ನು ಮರೆಯಬಾರದೆಂದು ಅಲ್ಲೇ ತಮ್ಮ ಮೈಮೇಲೆ ಗುರುತು ಹಾಕಿಕೊಂಡಳು. ಈಗ ದಿನ ಬಿಟ್ಟು ದಿನ ಹೀಗೆ ನಡೆಯುತ್ತದೆ: ಬರೀ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ನಾನು ಸ್ಟೂಲಿನ ಮೇಲೆ ಕುಳಿತುಕೊಳ್ಳುತ್ತೇನೆ, ಅವಳು ತಮ್ಮನ್ನು ನೋಡಿಕೊಂಡು ಗುಂಡಿಗೂ ಮಡಿಕೆಗೂ ಸಿಸ್ಟರು ಕೊಟ್ಟ ಪೇಸ್ಟು ತುಂಬಿ ಮಟ್ಟ ಮಾಡಿ, ಅದು ಆರಿದ ಮೇಲೆ ಪ್ಲೇಟು ಕೂರಿಸಿ, ಅಂಗೈ ಬಿಸಿಗೆ ಅಂಟು ಕಚ್ಚಲೆಂದು ಹತ್ತು ನಿಮಿಷ ಒತ್ತಿ ಹಿಡಿಯುತ್ತಾಳೆ. "ಅಲ್ಲಾಡಬೇಡಿ, ಮಾತೂ ಆಡಬೇಡಿ" ಎಂದು ಅಪ್ಪಣೆ. ಮದುವೆಯಾದಂದಿನಿಂದ ನಾವಿಬ್ಬರೂ ಜಗಳವಿಲ್ಲದೆ ಹತ್ತು ನಿಮಿಷ ಎದುರುಬದುರು ಕುಳಿತದ್ದು ಇದೇ ಮೊದಲು. ಹೇಳಲು ನಾಚಿಕೆಯೇನು, ನನಗೆ ಅದು ಇಷ್ಟವಾಗುತ್ತದೆ.

ನಿನ್ನೆ ಅಂಗಡಿ ತೆರೆದೆ. ಕುಕ್ಕರಗಾಲಿನಲ್ಲಿ ಏಳು ಪಂಚರ್ ಹಾಕಿದೆ, ಪ್ಲೇಟು ಅಲುಗಲಿಲ್ಲ. ಶಾಲೆ ಬಿಟ್ಟ ಮೇಲೆ ಹೆಡ್‌ಮೇಡಂ ಸ್ಕೂಟರು ತಳ್ಳಿಕೊಂಡು ಬಂದು, "ಮೋರಿ ಸರಿಹೋಯ್ತು ನೋಡಿ, ವಾಸನೆಯೇ ಇಲ್ಲ" ಎಂದರು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಪಾಪದ ಮೋರಿಯ ಮೇಲೆ ಇನ್ನೆಷ್ಟು ದಿನ ಹೊರಿಸುವುದು? "ಮೋರಿ ಅಲ್ಲ ಮೇಡಂ, ಅವತ್ತು ಸೋರಿದ್ದು ನಾನು" ಎಂದು ಅಂಗಿಯ ಮೇಲಿಂದಲೇ ಚೀಲ ಮುಟ್ಟಿ ತೋರಿಸಿದೆ. ಅವರು, "ಈಗ ಪ್ಯಾಚು ನಿಂತಿದೆಯಾ?" ಎಂದರು. ನಿಂತಿದೆ ಎಂದೆ. "ಹಾಗಾದ್ರೆ ಇದಕ್ಕೂ ನೀವೇ ಹಾಕಿ" ಎಂದು ಸ್ಕೂಟರಿಗೆ ಸ್ಟ್ಯಾಂಡು ಹಾಕಿದರು. ನಾನು ತಲೆ ಬಗ್ಗಿಸಿ ನಟ್ಟು ಬಿಚ್ಚತೊಡಗಿದೆ, ಕಣ್ಣು ಒದ್ದೆಯಾದದ್ದು ಅವರಿಗೆ ಕಾಣಬಾರದಿತ್ತು.

ಆದುದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಯೇನೆಂದರೆ, ಮುಂದಿನ ಸಲ ಅಚ್ಚಾಗುವಾಗ ತಾವು ದಯವಿಟ್ಟು ಒಮ್ಮೆ ಕುಳಿತುಕೊಳ್ಳಬೇಕು. ಹೊಟ್ಟೆ ತುಂಬ ಉಂಡು, ಒಂದು ಸಲ ಬಿದ್ದು ಬಿದ್ದು ನಕ್ಕು, ಸಾಧ್ಯವಾದರೆ ಒಂದು ಗಾಯದ ಕಲೆಯನ್ನೂ ಸಂಪಾದಿಸಿಕೊಂಡು ಬರಬೇಕು. ಕೂರಲು ಜಾಗವಿಲ್ಲವೆಂದಾದರೆ ನನ್ನ ಅಂಗಡಿಗೆ ಬನ್ನಿ. ಮಣೆ ಕೊಡುತ್ತೇನೆ, ಪಂಪು ಕೊಡುತ್ತೇನೆ, ನಾಲ್ಕು ಲಾರಿ ಟ್ಯೂಬಿಗೆ ಗಾಳಿ ಹೊಡೆದು ಹೋಗಿ. ಆಮೇಲೆ ತಮ್ಮ ಪ್ಲೇಟಿನ ಸಮಾಚಾರವನ್ನು ಮಾತಾಡೋಣ.

ಇಂತು,
ತಮ್ಮ ವಿಶ್ವಾಸಿ,
ಶಾಲೆಯೆದುರಿನ ಪಂಚರ್ ಅಂಗಡಿಯವನು

ತಾ.ಕ.: ತಮ್ಮ ಮೈಮೇಲೆ ಗೀಚಿದ್ದಕ್ಕೆ ಕ್ಷಮೆ ಕೇಳು ಎಂದು ನನ್ನಾಕೆಗೆ ಹೇಳಿದೆ, ಕೇಳುವುದಿಲ್ಲವಂತೆ. ಗುರುತು ಕಣ್ಣೆದುರಿಗಿರಲೆಂದು ತಮ್ಮನ್ನು ಬಚ್ಚಲುಮನೆಯ ಗೋಡೆಗೆ ಅಂಟಿಸಿದ್ದೇವೆ. ಗೋಡೆ ತಮ್ಮಷ್ಟೇ ಸಪಾಟಾಗಿದೆ, ಅಂಟೂ ಒಳ್ಳೆಯದೇ. ಆದರೂ ತಮ್ಮ ಒಂದು ಮೂಲೆ ಬೆಳಗ್ಗೆಯಿಂದ ಎದ್ದು ನಿಂತಿದೆ. ಹತ್ತು ನಿಮಿಷ ಅಂಗೈಯಿಟ್ಟು ಒತ್ತಿ ಹಿಡಿಯುವವರು, ಪಾಪ, ತಮಗೆ ಯಾರೂ ಇದ್ದಂತಿಲ್ಲ.